ಹಂಚಿನ ಮನೆ, ಮಳೆಗಾಲ, ಮಾತಿಲ್ಲದ 20 ನಿಮಿಷ: ಶಾಟ್‌ನ ಉದ್ದ ಯಾವುದರಿಂದ ನಿರ್ಧಾರ ಆಗಬೇಕು?

ಅಂಗಳ_ಉಡುಪಿ:
ಉಡುಪಿ ಹತ್ತಿರದ ಹಳೇ ಹಂಚಿನ ಮನೆಯೊಂದರಲ್ಲಿ 20 ನಿಮಿಷದ ಪ್ರಾಯೋಗಿಕ ಚಿತ್ರದ ತಯಾರಿ ನಡೀತಾ ಉಂಟು. ಮಾತಿಲ್ಲ, ಕಥೆ ಅಂತ ಹೇಳುವಂಥದ್ದೂ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಜಗಲಿ, ಚಾವಡಿ, ಅಡುಗೆಕೋಣೆ, ಅಟ್ಟ. ಮನೆಯಲ್ಲಿ ಬೀಡಿ ಕಟ್ಟುವ ಅಜ್ಜಿ ಇದ್ದಾರೆ, ಅವರ ಕೈಕೆಲಸವೇ ಚಿತ್ರದ ನಡು. ಪೂರ್ತಿ ಕಪ್ಪು ಬಿಳುಪು. ಸ್ವಲ್ಪ ಭಾಗ ಕೀಲಿ ಕೊಟ್ಟು ಓಡಿಸುವ ಸ್ಪ್ರಿಂಗ್ ಬೋಲೆಕ್ಸ್ ಕ್ಯಾಮೆರಾದಲ್ಲಿ 16 ಎಂಎಂ ಫಿಲ್ಮ್, ಉಳಿದದ್ದು ಡಿಜಿಟಲ್. ಫಿಲ್ಮನ್ನು ಮನೆಯಲ್ಲೇ ತೊಳೆಯುವ (ಡೆವಲಪ್ ಮಾಡುವ) ಯೋಚನೆ. ಕೊನೆಗೆ ಭೂತಕೋಲದ ದೀವಟಿಗೆ ಬೆಳಕಿನ ಒಂದು ಶಾಟ್ ಇದ್ದರೆ ಅಂತ ಆಸೆ.

ಕಥೆ ಇಲ್ಲದಿದ್ದಾಗ ಒಂದು ಶಾಟ್ ಎಲ್ಲಿ ಕತ್ತರಿಸಬೇಕು ಎನ್ನುವುದಕ್ಕೆ ಆಧಾರ ಸಿಗ್ತಾ ಇಲ್ಲ. ಬರೀ "ಚೆಂದ ಕಾಣುವಷ್ಟು ಹೊತ್ತು" ಅಂತಾದರೆ ಅದು ಶೈಲಿ ಆಗುದಿಲ್ಲ. ಬೆಳಕು, ಶಬ್ದ, ತೊಳೆಯುವುದು, ಎಲ್ಲದರ ಬಗ್ಗೆಯೂ ಹೇಳಿ.

ಜೆಪ್ಪು_ಕುಲುಮೆ:
ಬೋಲೆಕ್ಸ್ ಇದೆ ಎಂದಾದರೆ ಆಧಾರ ಕ್ಯಾಮೆರಾದ ಒಳಗೇ ಇದೆ. ಕೀಲಿ ಪೂರ್ತಿ ಕೊಟ್ಟರೆ ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಸುಮಾರು 28 ಸೆಕೆಂಡ್ ಓಡುತ್ತದೆ, ಅಷ್ಟೇ. ಸ್ಪ್ರಿಂಗ್ ಸೋತು ವೇಗ ಕುಸಿಯುವ ಮೊದಲೇ ಮೋಟಾರು ತಾನಾಗಿ ನಿಲ್ಲುತ್ತದೆ, ಹಾಗಾಗಿ ಕೊನೆಯ ಫ್ರೇಮಿನವರೆಗೂ ಚಲನೆ ಸಮವಾಗಿರುತ್ತದೆ. ಈ 28 ಸೆಕೆಂಡನ್ನು ಅಳತೆಗೋಲಾಗಿ ಇಟ್ಟುಕೊಂಡರೆ 20 ನಿಮಿಷಕ್ಕೆ ಸರಿಸುಮಾರು 43 ಶಾಟ್. ಪ್ರತಿ ಶಾಟ್ ಕೀಲಿ ಮುಗಿದಾಗಲೇ ಮುಗಿಯಬೇಕು, ಒಳಗೆ ಏನೇ ನಡೆಯುತ್ತಿರಲಿ. ಇಂಥ ಒಂದು ನಿಯಮವನ್ನು ಶೂಟಿಂಗಿಗೆ ಮೊದಲೇ ಕಟ್ಟಿಕೊಂಡು ಕೊನೆಯವರೆಗೂ ಮುರಿಯದೆ ಉಳಿಸಿದಾಗ ಮಾತ್ರ ನೋಡುವವರಿಗೆ ಚಿತ್ರದ ಉಸಿರು ಸಿಗುತ್ತದೆ.

ನಿರ್ದೇಶಕ ಮಣಿ ಕೌಲ್ ತಮ್ಮ ಹಿಂದಿ ಚಿತ್ರ 'ಉಸ್ಕಿ ರೋಟಿ'ಯನ್ನು 28 ಎಂಎಂ ಮತ್ತು 75 ಎಂಎಂ ಎಂಬ ಎರಡೇ ಲೆನ್ಸ್‌ಗಳಲ್ಲಿ ಮಾಡಿದ್ದು ಇದೇ ಕಾರಣಕ್ಕೆ ನೆನಪಾಗುತ್ತದೆ. ಒಂದರಲ್ಲಿ ಮುಂದಿನಿಂದ ಹಿಂದಿನವರೆಗೆ ಎಲ್ಲ ನಿಚ್ಚಳ, ಇನ್ನೊಂದರಲ್ಲಿ ಒಂದು ತೆಳು ಪದರ ಮಾತ್ರ ನಿಚ್ಚಳ. ಆ ವ್ಯತ್ಯಾಸವೇ ಚಿತ್ರದ ವ್ಯಾಕರಣ. ಅದು 35 ಎಂಎಂ ಚಿತ್ರ. 16 ಎಂಎಂ ಗೇಟಿನಲ್ಲಿ (ಲೆನ್ಸಿನ ಹಿಂದೆ ಫಿಲ್ಮ್ ಹಾಯುವ ಕಿಂಡಿ) ಅದೇ ನೋಟ ಬೇಕಿದ್ದರೆ ಸುಮಾರು 13 ಮತ್ತು 35 ಎಂಎಂ ಆಗುತ್ತದೆ. ನೀವು ಅದನ್ನೇ ಅನುಸರಿಸಬೇಕೆಂದಲ್ಲ, ನಿಮ್ಮ ಮನೆಗೆ ಒಪ್ಪುವ ನಿಯಮ ಒಂದು ಬೇಕು ಅಷ್ಟೆ.

ಲೆಕ್ಕಕ್ಕೆ: 16 ಎಂಎಂನಲ್ಲಿ ಅಡಿಗೆ 40 ಫ್ರೇಮ್. 100 ಅಡಿ ಸುರುಳಿಯಲ್ಲಿ 4000 ಫ್ರೇಮ್, ಅಂದರೆ 24ರಲ್ಲಿ 2 ನಿಮಿಷ 46 ಸೆಕೆಂಡ್. ಲೋಡ್ ಮಾಡುವಾಗ ತಲೆ ಮತ್ತು ಬಾಲ ಬೆಳಕಿಗೆ ಸಿಕ್ಕು ಹಾಳಾಗುವುದರಿಂದ ಕೈಗೆ ಬರುವುದು ಸುಮಾರು ಎರಡೂವರೆ ನಿಮಿಷ, ಅಂದರೆ ಒಂದು ಸುರುಳಿಗೆ ಐದು ಕೀಲಿ. ಇಡೀ 20 ನಿಮಿಷವನ್ನು ಫಿಲ್ಮಿನಲ್ಲೇ, ಎರಡಕ್ಕೆ ಒಂದರಂತೆ (ತೆಗೆದದ್ದರಲ್ಲಿ ಅರ್ಧ ಮಾತ್ರ ಬಳಸುವಂತೆ) ತೆಗೆಯಬೇಕಾದರೆ 1440 ಅಡಿ ಕೈಗೆ ಬರಬೇಕು, ಸುರುಳಿಗೆ ಐದು ಕೀಲಿಯಂತೆ 18 ಸುರುಳಿ. ಬಜೆಟ್ ಇದನ್ನು ತಡೆಯುವುದಿಲ್ಲ ಎಂದರೆ ಡಿಜಿಟಲ್ ಬೆರೆಸಬೇಡಿ.

ಕಲ್ಯಾಣಪುರ_ತೋಡು:
ಒಪ್ಪುದಿಲ್ಲ. ಕೀಲಿಯ ಅಳತೆ ಕ್ಯಾಮೆರಾದ್ದು, ಅಜ್ಜಿಯದ್ದಲ್ಲ. ಬೀಡಿ ಕಟ್ಟುವ ಕೆಲಸಕ್ಕೆ ಅದರದ್ದೇ ಸುತ್ತು ಉಂಟು: ನೆನೆಸಿದ ಎಲೆಯನ್ನು ತಗಡಿನ ಅಚ್ಚಿಟ್ಟು ಕತ್ತರಿಸುದು, ಹೊಗೆಸೊಪ್ಪಿನ ಪುಡಿ ಹಾಕುದು, ಉರುಟುದು, ನೂಲು ಸುತ್ತುದು, ತುದಿ ಮಡಚುದು. ಕತ್ತರಿಸುದು ಒಂದು ಹೊತ್ತು, ಕಟ್ಟುದು ಇನ್ನೊಂದು ಹೊತ್ತು, ಎರಡೂ ಒಟ್ಟಿಗೆ ನಡೆಯುದಿಲ್ಲ. ಕೀಲಿ ಮುಗಿದದ್ದು ನೂಲಿನ ಅರ್ಧ ಸುತ್ತಿನಲ್ಲಾದರೆ ಕಣ್ಣಿಗೆ ಅದು ಅಪಘಾತದ ಹಾಗೆ ಕಾಣ್ತದೆ. ಒಂದು ಸಲ ಆದರೆ ಚೆಂದವೇ, 43 ಸಲ ಆದರೆ ನೋಡುವವರು ಕೆಲಸವನ್ನು ಬಿಟ್ಟು ಗಡಿಯಾರ ನೋಡ್ತಾರೆ.

ಶಾಟ್ ಕತ್ತರಿಸುವ ಆಧಾರ ಅಜ್ಜಿಯ ಕೈಯಿಂದ ಬರಲಿ. ಎಲೆಯ ಕಟ್ಟು ಮುಗಿಯಿತು ಅಂದರೆ ಶಾಟ್ ಮುಗಿಯಿತು. ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂತರೆ ಶಾಟ್ ಮುಗಿಯಿತು. ಅದಕ್ಕೆ ಡಿಜಿಟಲ್ಲೇ ಬೇಕು, 9 ನಿಮಿಷ ಓಡಿದರೂ ಓಡಲಿ. ಮತ್ತೆ, ಅವರಿಗೆ "ಇನ್ನೊಂದು ಸಲ ಮಾಡಿ ಅಜ್ಜೀ" ಅಂತ ಹೇಳಬೇಡಿ. ಹಾಗೆ ಹೇಳಿದ ಕೂಡಲೇ ಕೈ ನಿಧಾನ ಆಗ್ತದೆ, ತೋರಿಸುವ ಕೈ ಆಗ್ತದೆ. ಬೇಕಾದ ಕೋನ ಮರುದಿನ ಅದೇ ಹೊತ್ತಿಗೆ ತೆಗೆಯಿರಿ, ಕೆಲಸ ಹೇಗೂ ಮರುದಿನವೂ ಇರ್ತದೆ.

ಒಂದು ಎಚ್ಚರ: ಹೊಗೆಸೊಪ್ಪಿನ ಧೂಳು ಬಹಳ ಸಣ್ಣ. ತಡ್ಪೆಯ (ಬೀಡಿ ಕಟ್ಟುವ ಮೊರ) ಹತ್ತಿರ ಸುರುಳಿ ಬದಲಿಸಬೇಡಿ, ಗೇಟಿನಲ್ಲಿ ಒಂದು ಕಣ ಕೂತರೆ ಇಡೀ 100 ಅಡಿಗೂ ಗೀರು. ಬೇರೆ ಕೋಣೆಗೆ ಹೋಗಿ ಬದಲಿಸಿ. ಪ್ರತಿ ಸುರುಳಿಯ ನಂತರ ಫಿಲ್ಮನ್ನು ಗೇಟಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ತೆಗೆದು, ಮರದ ಕಡ್ಡಿಯಿಂದ ಗೇಟಿನ ಮೂಲೆ ಬಿಡಿಸಿ, ರಬ್ಬರ್ ಬ್ಲೋವರ್‌ನಿಂದ ಊದಿ. ಲೋಹದ ಯಾವುದನ್ನೂ ಗೇಟಿಗೆ ತಾಗಿಸಬೇಡಿ.

ಗಾಜಿನಹಂಚು:
ಮೇಲಿನ ಇಬ್ಬರೂ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಯಾವುದನ್ನು ಫಿಲ್ಮಿನಲ್ಲಿ, ಯಾವುದನ್ನು ಡಿಜಿಟಲ್‌ನಲ್ಲಿ ತೆಗೆಯಬೇಕು ಎನ್ನುವುದನ್ನು ಮನೆಯ ಕತ್ತಲೆಯೇ ಹೇಳುತ್ತದೆ.

ಕೊಡಾಕ್‌ನ ಕಪ್ಪು ಬಿಳುಪು ಫಿಲ್ಮುಗಳಲ್ಲಿ ಟ್ರೈ-ಎಕ್ಸ್ 7266 ಹಗಲು ಬೆಳಕಿಗೆ ಐಎಸ್‌ಒ 200, ಡಬಲ್-ಎಕ್ಸ್ 7222 ಐಎಸ್‌ಒ 250. ನಿಮ್ಮದು 133 ಡಿಗ್ರಿ ಶಟರಿನ ರಿಫ್ಲೆಕ್ಸ್ ಬೋಲೆಕ್ಸ್ (ಲೆನ್ಸಿನ ಮೂಲಕವೇ ನೋಡುವಂಥದ್ದು) ಆದರೆ 24 ಫ್ರೇಮ್‌ನಲ್ಲಿ 1/65 ಸೆಕೆಂಡ್. ಆದರೆ ವ್ಯೂಫೈಂಡರ್ ಪ್ರಿಸಂ ಬೆಳಕಿನ ಒಂದು ಪಾಲನ್ನು ಕಣ್ಣಿಗೆ ತಿರುಗಿಸುವುದರಿಂದ ಬೆಳಕು ಅಳೆಯುವ ಮೀಟರಿನಲ್ಲಿ 1/80 ಇಡಬೇಕು. ಐಎಸ್‌ಒ 200, ಎಫ್ 2, 1/80 ಎಂದರೆ ವಸ್ತುವಿನ ಮೇಲೆ ಸುಮಾರು 400 ಲಕ್ಸ್ ಬೀಳಬೇಕು. ಮಳೆ ಸುರಿಯುವಾಗ ಚಾವಡಿಯ ಒಳಮೂಲೆಯಲ್ಲಿ 50 ಲಕ್ಸ್ ಇದ್ದರೆ ಅದು ಪೂರ್ತಿ ಮೂರು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ಇಮ್ಮಡಿ). ಸೆಕೆಂಡಿಗೆ 12 ಫ್ರೇಮಿಗೆ ಇಳಿಸಿದರೆ ಒಂದು ಸ್ಟಾಪ್ ಸಿಗುತ್ತದೆ, ಆದರೆ ಕೈಯ ವೇಗ ಇಮ್ಮಡಿಯಾಗಿ ಕಾಣುತ್ತದೆ, ಬೀಡಿ ಕಟ್ಟುವ ಕೈಗೆ ಅದು ಅನ್ಯಾಯ. ಹಾಗಾಗಿ ಜಗಲಿ ಮತ್ತು ಗಾಜಿನ ಹಂಚಿನ ಕೆಳಗಿನ ಜಾಗ ಫಿಲ್ಮಿಗೆ, ಅಡುಗೆಕೋಣೆ ಮತ್ತು ಅಟ್ಟ ಡಿಜಿಟಲ್‌ಗೆ. ಎರಡು ಮಾಧ್ಯಮ ಬೆರೆಯುವುದಕ್ಕೆ ಆಗ ಒಂದು ಕಾರಣ ಇರುತ್ತದೆ: ಬೆಳಕು ತಾಗುವ ಜಾಗಕ್ಕೆ ಒಂದು ಮೈ, ತಾಗದ ಜಾಗಕ್ಕೆ ಇನ್ನೊಂದು ಮೈ.

ಗಾಜಿನ ಹಂಚಿನ ಬಗ್ಗೆ. ಅಡುಗೆಕೋಣೆಯ ಮೇಲಿನದ್ದಕ್ಕೆ ಒಳಗಿನಿಂದ ಹೊಗೆಮಸಿ, ಹೊರಗಿನಿಂದ ಪಾಚಿ ಕಟ್ಟಿರುತ್ತದೆ. ಜೂನಿಗೆ ಮೊದಲೇ ಒರೆಸಿಕೊಳ್ಳಿ, ಮಳೆಯಲ್ಲಿ ಮಾಡಿಗೆ ಹತ್ತಿದರೆ ಜಾರಿ ಬೀಳುವುದು, ಹಂಚು ಒಡೆಯುವುದು ಎರಡೂ ಖಂಡಿತ. ಮೋಡ ಕವಿದ ದಿನ ಆ ಹಂಚಿನಿಂದ ಬರುವುದು ಮೆದುವಾದ ಬೆಳಕು, ಅಂಚಿಲ್ಲದ್ದು. ಕೋಲಿನಂತೆ ಇಳಿಯುವ ಬಿಸಿಲು ಬೇಕಾದರೆ ಆಗಸ್ಟಿನ ಮಳೆ ಬಿಟ್ಟ ದಿನಗಳಿಗೆ ಕಾಯಬೇಕು. ಆಗಸ್ಟ್ ಮೂರನೇ ವಾರ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಹಾಯುತ್ತಾನೆ, ಮತ್ತು ನಮ್ಮ ಕರಾವಳಿಗೆ ನಿಜವಾದ ನಡುಹಗಲು 12 ಗಂಟೆಗಲ್ಲ, ಆ ದಿನಗಳಲ್ಲಿ 12.35ರ ಸುಮಾರಿಗೆ. ಹಂಚು ನೆಲದಿಂದ 4 ಮೀಟರ್ ಎತ್ತರದಲ್ಲಿದ್ದರೆ ಬಿಸಿಲಿನ ಚೌಕ 10 ನಿಮಿಷಕ್ಕೆ ಸುಮಾರು 17 ಸೆಂಟಿಮೀಟರ್ ಸರಿಯುತ್ತದೆ. ಶಾಟ್‌ನ ಉದ್ದಕ್ಕೆ ಆಧಾರ ಕೇಳಿದ್ದಿರಲ್ಲ, ಇದೂ ಒಂದು: ಚೌಕ ತಡ್ಪೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವಷ್ಟು ಹೊತ್ತು.

ಎಕ್ಸ್‌ಪೋಷರ್ ಹೇಗೆ ಇಡಬೇಕು ಎಂಬುದರಲ್ಲಿ ಗೊಂದಲ ಬೇಡ. ನೆಗೆಟಿವ್ ಆದರೆ ನೆರಳಿಗೆ ಅಳೆದು ಇಡಿ. ರಿವರ್ಸಲ್ ಆಗಿಯೇ (ನೇರ ಪಾಸಿಟಿವ್ ಬರುವಂತೆ) ತೊಳೆಯುವುದಾದರೆ, ಮತ್ತು ಡಿಜಿಟಲ್‌ನಲ್ಲಿ, ಬೆಳಕಿನ ಭಾಗಕ್ಕೆ ಅಳೆದು ಇಡಿ. ಬಿಸಿಲಿನ ಚೌಕಕ್ಕೂ ಕಾವಿ ನೆಲಕ್ಕೂ ಆರೇಳು ಸ್ಟಾಪ್ ಅಂತರ ಸುಲಭವಾಗಿ ಬರುತ್ತದೆ. ಅದನ್ನು ತಗ್ಗಿಸಲು ಎಲ್‌ಇಡಿ ಫಲಕ ತರಬೇಡಿ, ಚೌಕದ ಪಕ್ಕದಲ್ಲಿ ಫ್ರೇಮಿನ ಹೊರಗೆ ಒಂದು ಬಿಳಿ ಪಂಚೆ ಹಾಸಿ, ಮುಖಕ್ಕೆ ಬೇಕಾದಷ್ಟು ಏರುತ್ತದೆ. ಮೋಡ ಸರಿದು ಮಧ್ಯದಲ್ಲಿ ಎರಡು ಸ್ಟಾಪ್ ಏರಿಳಿದರೆ ಏರಿಳಿಯಲಿ, ಅಪರ್ಚರ್ ಮುಟ್ಟಬೇಡಿ.

ಅಂಗಳ_ಉಡುಪಿ:
ಬೆಳಕು ಇರುವಲ್ಲಿ ಫಿಲ್ಮ್, ಇಲ್ಲದಲ್ಲಿ ಡಿಜಿಟಲ್, ಇದು ಬಹಳ ಹಿಡಿಸಿತು. ಕ್ಯಾಮೆರಾ ರಿಫ್ಲೆಕ್ಸ್ ಹೌದು, 133 ಡಿಗ್ರಿ. ಡಿಜಿಟಲ್ 25ರಲ್ಲಿ ತೆಗೆಯಬೇಕಾ 24ರಲ್ಲಾ? ಅಡುಗೆಕೋಣೆಯಲ್ಲಿ ಒಂದು ಟ್ಯೂಬ್‌ಲೈಟ್ ಉಂಟು.

ಗಾಜಿನಹಂಚು:
24ರಲ್ಲೇ. ಥಿಯೇಟರಿಗೆ ಡಿಸಿಪಿ (ಡಿಜಿಟಲ್ ಪ್ರದರ್ಶನದ ಕಡತ) ಮಾಡುವಾಗ 25ನ್ನು 24ಕ್ಕೆ ಇಳಿಸಿದರೆ ಚಿತ್ರ ನಾಲ್ಕು ಶೇಕಡ ನಿಧಾನ ಆಗುತ್ತದೆ, ಶಬ್ದದ ಶ್ರುತಿಯೂ ಇಳಿಯುತ್ತದೆ. ಟ್ಯೂಬ್‌ಲೈಟಿನ ಮಿಣುಕಿಗೆ ಶಟರ್ ಕೋನವನ್ನು 172.8 ಡಿಗ್ರಿ ಇಡಿ, 24 ಫ್ರೇಮ್‌ನಲ್ಲಿ ಅದು ಸರಿಯಾಗಿ 1/50 ಸೆಕೆಂಡ್, ನಮ್ಮ 50 ಹರ್ಟ್ಸ್ ಕರೆಂಟಿಗೆ ಹೊಂದುತ್ತದೆ. ಇನ್ವರ್ಟರ್‌ನಲ್ಲಿ ಉರಿಯುವಾಗ ಮತ್ತೆ ಪರೀಕ್ಷಿಸಿ.

ಬೋಲೆಕ್ಸ್‌ಗೆ ಇನ್ನೆರಡು: 50 ಎಂಎಂಗಿಂತ ಕಡಿಮೆಯ ಲೆನ್ಸ್ ಆರ್‌ಎಕ್ಸ್ ಗುರುತಿನದ್ದೇ (ರಿಫ್ಲೆಕ್ಸ್ ಬೋಲೆಕ್ಸ್‌ಗೆಂದೇ ಮಾಡಿದ್ದು) ಇರಲಿ, ಇಲ್ಲದಿದ್ದರೆ ಪ್ರಿಸಂನಿಂದಾಗಿ ಅಪರ್ಚರ್ ತೆರೆದಾಗ ಚಿತ್ರ ಮೆತ್ತಗಾಗುತ್ತದೆ. ಟ್ರೈಪಾಡ್ ಮೇಲಿಟ್ಟು ಕಣ್ಣು ತೆಗೆಯುವಾಗ ಐಪೀಸ್ ಮುಚ್ಚಿ. ಹಿಂದಿನಿಂದ ಬಂದ ಬೆಳಕು ಅದೇ ದಾರಿಯಲ್ಲಿ ಫಿಲ್ಮಿಗೆ ಇಳಿದು ಮಸುಕು ಮಾಡುತ್ತದೆ.

ಕೆಮ್ಮಣ್ಣು_ಕಪ್ಪುಬಿಳುಪು:
ತೊಳೆಯುವ ಭಾಗ ನಾನು ಬರೆಯುತ್ತೇನೆ. ಮನೆಯಲ್ಲಿ ಮಾಡುವುದಾದರೆ ಕೆಫೆನಾಲ್ (ಕಾಫಿಯಿಂದ ಮಾಡುವ ಡೆವಲಪರ್) ಸಾಕು, ರಾಸಾಯನಿಕ ತರಿಸುವ ತಲೆನೋವು ಕಡಿಮೆ. ಲೀಟರಿಗೆ ನೀರಿನಂಶ ಇಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. ಈ ವೇಗದ ಫಿಲ್ಮಿಗೆ ಮಸುಕು ತಡೆಯಲು ಲೀಟರಿಗೆ 10 ಗ್ರಾಂ ಅಯೋಡಿನ್ ಉಪ್ಪು ಸೇರಿಸಿ. ಬಕೆಟಿನಲ್ಲಿ 100 ಅಡಿಗೆ 4 ಲೀಟರ್ ಇಟ್ಟುಕೊಳ್ಳಿ: ಸೋಡಾ 216, ವಿಟಮಿನ್ ಸಿ 64, ಕಾಫಿ 160, ಉಪ್ಪು 40 ಗ್ರಾಂ.

ಇಲ್ಲಿ ಜನ ಎಡವುವುದು ಎರಡು ಕಡೆ. ನಮ್ಮ ಅಂಗಡಿಗಳಲ್ಲಿ ಸಿಗುವ ಇನ್‌ಸ್ಟಂಟ್ ಪುಡಿಗಳಲ್ಲಿ ಹಲವು ಚಿಕೋರಿ ಬೆರೆತದ್ದು. ಪೊಟ್ಟಣದ ಹಿಂದೆ ಓದಿ ನೂರಕ್ಕೆ ನೂರು ಕಾಫಿಯದ್ದೇ ತನ್ನಿ, ಬೆರಕೆಯಲ್ಲಿ ಫಲಿತಾಂಶ ಪ್ರತಿ ಸಲ ಬೇರೆ. ಎರಡನೆಯದು ಸೋಡಾ. ಹರಳಿನ ರೂಪದ್ದಾದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ, 54ರ ಬದಲು 146 ಗ್ರಾಂ ಬೇಕು. ಅಡುಗೆ ಸೋಡಾ ಆಗುವುದೇ ಇಲ್ಲ.

ಮೊದಲು ಸೋಡಾ ಪೂರ್ತಿ ಕರಗಿಸಿ ತಣಿಯಲು ಬಿಡಿ, ಕರಗುವಾಗ ನೀರು ಬಿಸಿಯಾಗುತ್ತದೆ. ಆಮೇಲೆ ವಿಟಮಿನ್ ಸಿ, ನೊರೆ ಏಳುತ್ತದೆ, ಅದು ಇಳಿಯಲಿ. ಕೊನೆಗೆ ಉಪ್ಪು, ಕಾಫಿ. ಐದು ನಿಮಿಷ ಬಿಟ್ಟು ಗುಳ್ಳೆ ಹೋದ ಮೇಲೆ ಬಳಸಿ, ಗುಳ್ಳೆ ಉಳಿದರೆ ಫಿಲ್ಮಿನಲ್ಲಿ ದುಂಡಗಿನ ಬಿಳಿ ಕಲೆ. ಬೆರೆಸಿದ್ದನ್ನು ಅವತ್ತೇ ಮುಗಿಸಿ.

ಇನ್ನು ಶಾಖ. ಈ ಸೂತ್ರಕ್ಕೆ 20 ಡಿಗ್ರಿಯಲ್ಲಿ 15 ನಿಮಿಷ. ನಮ್ಮ ನಳ್ಳಿ ನೀರು ಮಳೆಗಾಲದಲ್ಲೂ 26, 27 ಡಿಗ್ರಿ. ದ್ರಾವಣ ತುಂಬ ಕ್ಷಾರ, ಬಿಸಿ ಹೆಚ್ಚಾದಂತೆ ಜೆಲಟಿನ್ ಉಬ್ಬಿ ಉಗುರು ತಾಗಿದರೂ ಏಳುತ್ತದೆ. ದೊಡ್ಡ ಟಬ್ಬಿನಲ್ಲಿ ಐಸ್ ನೀರು ಹಾಕಿ ಅದರೊಳಗೆ ಬಕೆಟ್ ಇಟ್ಟು 20ಕ್ಕೆ ತನ್ನಿ. ಆಗದಿದ್ದರೆ 27ರಲ್ಲೇ ಎಲ್ಲವನ್ನೂ ಮಾಡಿ, ಎರಡಡಿ ತುಂಡನ್ನು 8 ನಿಮಿಷದಿಂದ ಪರೀಕ್ಷೆ ಶುರು ಮಾಡಿ. ಆದರೆ 20ರಲ್ಲಿ ಡೆವಲಪ್ ಮಾಡಿ 28ರ ನೀರಿನಲ್ಲಿ ತೊಳೆಯಬೇಡಿ, ಎಮಲ್ಶನ್ (ಚಿತ್ರ ಮೂಡುವ ಜೆಲಟಿನ್ ಪದರ) ಬಿರುಕು ಬಿಟ್ಟ ಗದ್ದೆಯಂತಾಗುತ್ತದೆ.

ಡೆವಲಪರ್ ನಂತರ ಅದರ ಕೆಲಸ ನಿಲ್ಲಿಸುವ ಹುಳಿ ಸ್ಟಾಪ್ ಬಾತ್ ಬೇಡ, ಕ್ಷಾರಕ್ಕೆ ಹುಳಿ ತಾಗಿ ಅನಿಲ ಎದ್ದು ಎಮಲ್ಶನ್ ಗುಳ್ಳೆ ಏಳಬಹುದು. ಮೂರು ಸಲ ನೀರು ಬದಲಿಸಿ, ಆಮೇಲೆ ಚಿತ್ರವನ್ನು ಸ್ಥಿರಗೊಳಿಸುವ ಹೈಪೋ, ಲೀಟರಿಗೆ 250 ಗ್ರಾಂ. ಫಿಲ್ಮಿನ ಹಾಲುಬಣ್ಣ ಹೋಗಲು ಎಷ್ಟು ಹೊತ್ತಾಯಿತೋ ಅದರ ಎರಡರಷ್ಟು ಹೊತ್ತು ಇಡಿ. ಹೈಪೋಗೆ ಹೋಗುವ ತನಕ ಪೂರ್ತಿ ಕತ್ತಲೆ, ಕೆಂಪು ಬಲ್ಬೂ ಇಲ್ಲ, ಈ ಫಿಲ್ಮುಗಳು ಕೆಂಪನ್ನೂ ನೋಡುತ್ತವೆ. ಟ್ರೈ-ಎಕ್ಸ್ ಹೀಗೆ ತೊಳೆದರೆ ನೆಗೆಟಿವ್ ಬರುತ್ತದೆ, ಸ್ಕ್ಯಾನ್ ಮಾಡುವಾಗ ತಿರುಗಿಸಿಕೊಳ್ಳಿ.

ಬಕೆಟಿನಲ್ಲಿ 30 ಮೀಟರ್ ಫಿಲ್ಮ್ ಒಂದಕ್ಕೊಂದು ಅಂಟಿಕೊಂಡಲ್ಲಿ ಕಲೆ ಬರುತ್ತದೆ, ಗೀರು ಬರುತ್ತದೆ. ಕೈಗವಸು ಹಾಕಿ ನಿಲ್ಲಿಸದೆ ಬಿಡಿಸುತ್ತಿರಬೇಕು. ಆ ಕಲೆ ಬೇಡವೆಂದಾದರೆ ಸುರುಳಿ ಇರುವ ಟ್ಯಾಂಕ್ ಬೇಕು, ಹಳೆಯ ಸೋವಿಯತ್ ಲೋಮೋ ಟ್ಯಾಂಕ್‌ನಲ್ಲಿ 50 ಅಡಿಯ ಎರಡು ತುಂಡು ಹಿಡಿಯುತ್ತದೆ.

ಕೊನೆಯ ತೊಳೆತಕ್ಕೆ ಬಾವಿ ನೀರು ಬೇಡ. ನಮ್ಮ ಮುರಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣ ಹೆಚ್ಚಿರುವ ಕಡೆ ಒಣಗಿದ ಮೇಲೆ ಕಂದು ಗೆರೆ ಉಳಿಯುತ್ತದೆ. ಶುದ್ಧೀಕರಿಸಿದ ನೀರಿಗೆ ಎರಡು ಹನಿ ವೆಟಿಂಗ್ ಏಜೆಂಟ್ (ನೀರಿನ ಹನಿ ಕೂರದಂತೆ ಮಾಡುವ ದ್ರಾವಣ).

ಒಣಗಿಸುವುದೇ ಮಳೆಗಾಲದ ದೊಡ್ಡ ಕಷ್ಟ. ಹೊರಗೆ ತೇವ ಶೇಕಡ 90 ಇರುವಾಗ ಜಗಲಿಯಲ್ಲಿ ನೇತುಹಾಕಿದರೆ ಮರುದಿನವೂ ಅಂಟುತ್ತದೆ, ಸುತ್ತಿಟ್ಟರೆ ಬೂಸು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಏಸಿಯನ್ನು ಡ್ರೈ ಮೋಡ್‌ನಲ್ಲಿ ಇಟ್ಟು ತೇವವನ್ನು 55ರ ಸುಮಾರಿಗೆ ಇಳಿಸಿ, ಮೂರು ಮೀಟರಿನ ಹತ್ತು ಸಾಲು ಕಟ್ಟಿ, ಎಮಲ್ಶನ್ ಬದಿ ಯಾವುದಕ್ಕೂ ತಾಗದಂತೆ ಹಾಕಿ. ಹೇರ್ ಡ್ರೈಯರ್ ಬೇಡ, ಅಂಚು ಮೊದಲು ಒಣಗಿ ಫಿಲ್ಮ್ ಬಾಗುತ್ತದೆ, ಆಮೇಲೆ ಸ್ಕ್ಯಾನರ್ ಗೇಟಿನಲ್ಲಿ ಫೋಕಸ್ ನಿಲ್ಲುವುದಿಲ್ಲ.

ಜೆಪ್ಪು_ಕುಲುಮೆ:
ಇದಕ್ಕೆ ಒಂದು ಸೇರಿಸುತ್ತೇನೆ. ಫ್ರಿಜ್‌ನಿಂದ ತೆಗೆದ ಸುರುಳಿಯನ್ನು ಡಬ್ಬಿ ತೆರೆಯದೆ ಒಂದೆರಡು ಗಂಟೆ ಹೊರಗಿಡಿ. ತಕ್ಷಣ ತೆರೆದರೆ ಫಿಲ್ಮಿನ ಮೇಲೆ ನೀರು ಕೂರುತ್ತದೆ. ಏಸಿ ಕೋಣೆಯಿಂದ ಅಂಗಳಕ್ಕೆ ತರುವ ಲೆನ್ಸಿಗೂ ಇದೇ ಮಾತು, ಚೀಲದ ಬಾಯಿ ಮುಚ್ಚಿ ಮುಕ್ಕಾಲು ಗಂಟೆ.

ಕಲ್ಯಾಣಪುರ_ತೋಡು ಅವರಿಗೆ: ಬೀಡಿ ಕೆಲಸದ ಮಟ್ಟಿಗೆ ನಿಮ್ಮ ಮಾತು ಸರಿ. ಹಾಗಾದರೆ ಫಿಲ್ಮಿನ ಭಾಗಕ್ಕೆ ಕೀಲಿಯ ಅಳತೆ, ಡಿಜಿಟಲ್ ಭಾಗಕ್ಕೆ ಕೆಲಸದ ಅಳತೆ. ಎರಡನ್ನು ಕೂಡಿಸುವಾಗ ಒಂದು ಜಾಗ್ರತೆ: ಡಿಜಿಟಲ್ ಫೂಟೇಜಿಗೆ ಫಿಲ್ಮಿನ ಕಾಳು (ಗ್ರೇನ್), ಗೀರು ಹಚ್ಚಲು ಹೋಗಬೇಡಿ. ಬೇರೆ ಬೇರೆ ಎಂದು ಕಾಣಲಿ. ಫ್ರೇಮಿನ ಅಗಲ ಎತ್ತರದ ಪ್ರಮಾಣ ಮಾತ್ರ ಒಂದೇ ಇರಲಿ, ಎರಡೂ 4:3.

ಪಡುಕರೆ_ಶಬ್ದ:
ಶಬ್ದದ ಬಗ್ಗೆ ಯಾರೂ ಮಾತಾಡಿಲ್ಲ ಮಾರಾಯ್ರೆ, ಮಾತಿಲ್ಲದ ಚಿತ್ರದಲ್ಲಿ ಅರ್ಧ ಚಿತ್ರ ಅದೇ. ಸ್ಪ್ರಿಂಗ್ ಕ್ಯಾಮೆರಾ ಹತ್ತಿರ ಇದ್ದರೆ ಅದರ ಗರಗರ ಎಲ್ಲದರಲ್ಲೂ ಬೀಳ್ತದೆ, ವೇಗವೂ ಗಡಿಯಾರದ ಹಾಗೆ ಕರಾರುವಾಕ್ಕಲ್ಲ, ಆದ್ದರಿಂದ ಫಿಲ್ಮಿನ ಶಾಟ್‌ಗಳಿಗೆ ಸಿಂಕ್ (ಚಿತ್ರಕ್ಕೂ ಶಬ್ದಕ್ಕೂ ಹೊಂದಿಕೆ) ಆಸೆ ಬಿಡಿ. ಶಬ್ದವನ್ನು ಬೇರೆಯೇ ಒಂದು ಚಿತ್ರ ಅಂತ ತಿಳಿದು, ಕ್ಯಾಮೆರಾ ಇಲ್ಲದ ದಿನ ಸಂಗ್ರಹಿಸಿ. 48 ಕಿಲೋಹರ್ಟ್ಸ್, 24 ಬಿಟ್, ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್ ಹತ್ತಿರ.

ಹಂಚಿನ ಮೇಲಿನ ಮಳೆಯನ್ನು ಅಟ್ಟದಲ್ಲಿ ಮೈಕ್ ಇಟ್ಟು ಹಿಡಿದರೆ ಬರುದು ಬರೀ ಶ್ಶ್ ಅಂತ ಒಂದು ಪರದೆ, ಯಾವ ಆವರ್ತನವೂ ಎದ್ದು ನಿಲ್ಲುದಿಲ್ಲ. ಮಳೆಗೆ ಆಕಾರ ಬರುದು ಅದು ಯಾವುದಕ್ಕೆ ಬಡೀತದೆ ಅನ್ನುವುದರಿಂದ. ಸೂರಿನ ನೀರು ಬೀಳುವಲ್ಲಿ ಒಂದು ಸಲ ಅಡಿಕೆ ಹಾಳೆ ಇಟ್ಟು, ಒಂದು ಸಲ ತಾಮ್ರದ ಕೊಡ ಇಟ್ಟು, ಒಂದು ಸಲ ಬರೀ ಮಣ್ಣಿಗೆ ಬೀಳಲು ಬಿಟ್ಟು ಹಿಡಿಯಿರಿ. ಮೈಕ್ ಒಂದು ಮೀಟರ್ ಒಳಗೆ, ಎರಚಲು ತಾಗದ ಹಾಗೆ. ಎಡಿಟಿಂಗ್‌ನಲ್ಲಿ ಇವನ್ನು ಪದರ ಪದರವಾಗಿ ಹಾಕಿ ಒಂದೊಂದನ್ನೇ ತೆಗೆದರೆ ಮಳೆ ನಿಲ್ಲುತ್ತಾ ಬಂದದ್ದು ಚಿತ್ರದಲ್ಲಿ ಕಾಣದಿದ್ದರೂ ಗೊತ್ತಾಗ್ತದೆ.

ಚಾವಡಿಯ ಮರದ ಕಂಬಕ್ಕೆ 27 ಎಂಎಂ ಪೀಜೋ ತಟ್ಟೆ (ಕಂಪನವನ್ನು ಶಬ್ದವಾಗಿ ಹಿಡಿಯುವಂಥದ್ದು) ಅಂಟಿಸಿ ನೋಡಿ. ಅಟ್ಟದ ಹೆಜ್ಜೆ, ಒನಕೆ, ಬಾಗಿಲ ಅಗುಳಿ ಎಲ್ಲ ಕಂಬದೊಳಗಿಂದ ಬರ್ತದೆ. ಅದನ್ನು ನೇರ ಮೈಕ್ ಇನ್‌ಪುಟ್ಟಿಗೆ ಚುಚ್ಚಿದರೆ ಕೆಳಸ್ವರ ಎಲ್ಲ ಹೋಗಿ ಟಿಣ್ ಟಿಣ್ ಮಾತ್ರ ಉಳೀತದೆ, ಒಂದು ಮೆಗಾಓಮ್‌ನ ಇನ್‌ಪುಟ್ ಬೇಕು, ಗಿಟಾರಿಗೆ ಇರುವಂಥದ್ದು.

ಮಳೆ ನಿಂತ ಮೇಲೆ ಜೀರುಂಡೆ, ಕಪ್ಪೆ. ಇವು ಕ್ಷಣಕ್ಷಣ ಬದಲಾಗುದರಿಂದ ಎರಡು ಟೇಕ್ ಜೋಡಿಸಿದರೆ ಜೋಡಿಸಿದ ಜಾಗ ಕಿವಿಗೆ ಹೊಡೀತದೆ. ಡಿಜಿಟಲ್‌ನ ಪ್ರತಿ ಶಾಟ್‌ಗೆ ಮೊದಲು ಕನಿಷ್ಠ ಹತ್ತು ನಿಮಿಷ ಕೋಣೆಯ ಶಬ್ದ ಮಾತ್ರ ಹಿಡಿದಿಡಿ, ಫ್ರಿಜ್ ಆಫ್ ಮಾಡಿ. ಚಿತ್ರ ಕತ್ತರಿಸಿದ ಜಾಗದಲ್ಲೇ ಶಬ್ದ ಕತ್ತರಿಸಬೇಡಿ, ಮುಂದಿನ ಶಾಟ್‌ನ ಶಬ್ದ ಮೂರು ನಾಲ್ಕು ಸೆಕೆಂಡ್ ಮೊದಲೇ ಒಳಗೆ ಬರಲಿ.

ತೇವಕ್ಕೆ ಸಾಮಾನ್ಯ ಕಂಡೆನ್ಸರ್ ಮೈಕ್ ಚಟಪಟ ಅನ್ನಲಿಕ್ಕೆ ಶುರು ಮಾಡ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಜೆಲ್ ಬಣ್ಣ ಬದಲಾದರೆ 110ರಿಂದ 120 ಡಿಗ್ರಿ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಬದಲಿಗೆ ಒಂದು ಡೈನಮಿಕ್ ಮೈಕ್ ಇರಲೇಬೇಕು.

ಕಲ್ಯಾಣಪುರ_ತೋಡು:
ಕೋಲದ ಶಾಟ್ ವಿಷಯ ಉಳೀತು. ಪತ್ತನಾಜೆ (ತುಳುನಾಡಲ್ಲಿ ಕೋಲ, ಆಟಗಳ ಋತು ಮುಗಿಯುವ ದಿನ) ಕಳೆದ ಮೇಲೆ, ಅಂದರೆ ಮೇ ಕೊನೆಯಿಂದ, ಕೋಲ ಇಲ್ಲ, ಯಕ್ಷಗಾನ ಮೇಳವೂ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಚಿತ್ರಕ್ಕೆ ದೀವಟಿಗೆ ತಂದರೆ ಊರಿನವರಿಗೆ ಅದು ಮೊದಲ ನೋಟಕ್ಕೇ ಸುಳ್ಳು ಅಂತ ಕಾಣ್ತದೆ. ಕಾಲ ಇಲ್ಲದ ಕಾಲದಲ್ಲಿ ಕ್ಯಾಮೆರಾಕ್ಕೋಸ್ಕರ ಕೋಲ ಕಟ್ಟಿಸುದು ಕೇಳಬಾರದ ವಿಷಯ, ದಯವಿಟ್ಟು ಮಾಡಬೇಡಿ. ಬೆಂಕಿಯ ಬೆಳಕೇ ಬೇಕು ಅಂತಾದರೆ ಒಲೆ ಉಂಟಲ್ಲ, ಬಚ್ಚಲ ಹಂಡೆಯ ಬೆಂಕಿ ಉಂಟಲ್ಲ.

ಅಂಗಳ_ಉಡುಪಿ:
ಸರಿ, ಕೋಲ ಬಿಟ್ಟೆವು. ಈಗಿನ ತೀರ್ಮಾನ: ಜಗಲಿ ಮತ್ತು ಗಾಜಿನ ಹಂಚಿನ ಅಡಿ ಫಿಲ್ಮಿನಲ್ಲಿ, ಐದು ಸುರುಳಿ, ಪ್ರತಿ ಶಾಟ್ ಒಂದು ಕೀಲಿ. ಬೀಡಿ ಕೆಲಸ, ಅಡುಗೆಕೋಣೆ, ಅಟ್ಟ ಡಿಜಿಟಲ್‌ನಲ್ಲಿ, ಕೆಲಸ ಮುಗಿದಾಗ ಶಾಟ್ ಮುಗಿಯಬೇಕು. ಮೊದಲ ಮಳೆಗೆ ಶಬ್ದ ಮಾತ್ರ. ಒಂದು ಪ್ರಶ್ನೆ ಬಾಕಿ: 4:3 ಚಿತ್ರ, ಒಂಟಿ ಚಾನೆಲ್ ಶಬ್ದ, ಡಿಸಿಪಿಯಲ್ಲಿ ಹೇಗೆ ಹಾಕುದು?

ಪಡುಕರೆ_ಶಬ್ದ:
ಡಿಸಿಪಿ-ಒ-ಮ್ಯಾಟಿಕ್ ಅಂತ ಉಚಿತ ಸಾಫ್ಟ್‌ವೇರ್ ಉಂಟು. 2ಕೆ ಫ್ಲಾಟ್ ಕಂಟೇನರ್ (ಹೊರ ಚೌಕಟ್ಟು) 1998×1080 ಪಿಕ್ಸೆಲ್, ಅದರೊಳಗೆ ನಿಮ್ಮ ಚಿತ್ರ 1440×1080, ಎರಡು ಬದಿ ಕಪ್ಪು. ಶಬ್ದ ಒಂಟಿ ಆದರೂ 5.1 ಆಗಿಯೇ ಮಾಡಿ, ನಡುವಿನ ಚಾನೆಲ್ ಒಂದಕ್ಕೇ ಹಾಕಿ, ಉಳಿದದ್ದು ಖಾಲಿ. ಎಡ ಬಲ ಎರಡಕ್ಕೂ ಹಾಕಿದರೆ ಬದಿಯ ಸೀಟಿನವರಿಗೆ ಮಳೆ ಎಲ್ಲ ಒಂದೇ ಗೋಡೆಯಿಂದ ಬಂದ ಹಾಗೆ ಕೇಳ್ತದೆ. ತೋರಿಸುವ ಮೊದಲು ಆ ಹಾಲ್‌ನಲ್ಲಿ ಮೊದಲ ಎರಡು ನಿಮಿಷ ಮತ್ತು ಅತಿ ಕಡಿಮೆ ಶಬ್ದದ ಒಂದು ಶಾಟ್ ಓಡಿಸಿ ನೋಡಿ, ಏಸಿಯ ಸದ್ದು ಜೀರುಂಡೆಯನ್ನು ನುಂಗಿದರೆ ಫೇಡರ್ (ಶಬ್ದದ ಮಟ್ಟ) ಅಲ್ಲೇ ಏರಿಸಿಕೊಳ್ಳಲು ಹೇಳಬಹುದು.